ಕ್ಷಮೆ, ಕರ್ಮ ಮತ್ತು ಸನ್ನಡತೆ

2025ರ ಏಪ್ರಿಲ್‌ನಲ್ಲಿ ಒಡಿಶಾದ ಕಿಯೋಂಝರ್ ಜೈಲಿನಿಂದ ಮಹೇಂದ್ರ ಹೆಂಬ್ರಮ್ ಹೊರಬಂದ. 1999ರ ಜನವರಿ 22ರ ರಾತ್ರಿ ಮನೋಹರಪುರ ಗ್ರಾಮದಲ್ಲಿ ಆಸ್ಟ್ರೇಲಿಯಾದ ಪಾದ್ರಿ ಗ್ರಹಾಂ ಸ್ಟೇನ್ಸ್, ಹತ್ತು ವರ್ಷದ ಫಿಲಿಪ್ ಹಾಗೂ ಆರು ವರ್ಷದ ತಿಮೋತಿಯನ್ನು ಮಲಗಿದ್ದ ವಾಹನದಲ್ಲಿಯೇ ಜೀವಂತ ಸುಟ್ಟ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದವನು ಈತ. ಸುಮಾರು 25 ವರ್ಷಗಳ ಸೆರೆವಾಸದ ನಂತರ ‘ಸನ್ನಡತೆ’ಯ ಆಧಾರದ ಮೇಲೆ ಈತನಿಗೆ ಬಿಡುಗಡೆ ದೊರೆಯಿತು. ತನ್ನನ್ನು ಸುಳ್ಳೇ ಸಿಲುಕಿಸಲಾಗಿತ್ತು ಎಂದು ಹೊರಬಂದವನು ಸುದ್ದಿಗಾರರಿಗೆ ಹೇಳಿದ.

ಈ ಕೊನೆಯ ಮಾತು ಗಮನಾರ್ಹ. ಏಕೆಂದರೆ ಇದೇ ಪ್ರಕರಣದಲ್ಲಿ ಪತಿ ಮತ್ತು ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ಗ್ಲ್ಯಾಡಿಸ್ ಸ್ಟೇನ್ಸ್, ಕೊಂದವರನ್ನು ಕ್ಷಮಿಸಿರುವುದಾಗಿ 1999ರಲ್ಲಿಯೇ ಘೋಷಿಸಿದ್ದರು. ಕ್ಷಮೆ ಕಾಲು ಶತಮಾನ ಮೊದಲೇ ಸಂದಿತ್ತು. ಬಿಡುಗಡೆಯೂ ಈಗ ಬಂದಿತು. ಇವೆರಡರ ನಡುವೆ ಇರಬೇಕಾಗಿದ್ದ ಪಶ್ಚಾತ್ತಾಪ ಮಾತ್ರ ಕಾಣಲಿಲ್ಲ.

ಗ್ಲ್ಯಾಡಿಸ್ ಅವರ ನಿಲುವನ್ನು ಅಂದು ಹಲವರು ತಪ್ಪಾಗಿ ಗ್ರಹಿಸಿದರು. ಕ್ಷಮಿಸಿದ ಮೇಲೆ ಶಿಕ್ಷೆ ಏಕೆ ಎಂದು ಕೇಳಿದವರಿದ್ದರು. ಆದರೆ ಅವರು ಮೊಕದ್ದಮೆ ಹಿಂತೆಗೆಯಿರಿ ಎಂದು ಎಂದೂ ಕೇಳಿರಲಿಲ್ಲ. ತಮ್ಮ ಮನಸ್ಸಿನಲ್ಲಿ ದ್ವೇಷಕ್ಕೆ ಎಡೆಯಿಲ್ಲ, ಕಾನೂನಿನ ಕೆಲಸ ಕಾನೂನಿನದು ಎಂಬುದು ಅವರ ನಿಲುವಾಗಿತ್ತು. ಬಾರಿಪದಾದ ಕುಷ್ಠರೋಗಿಗಳ ಸೇವೆಯನ್ನು 2004ರವರೆಗೆ ಮುಂದುವರಿಸಿದ ಅವರಿಗೆ 2005ರಲ್ಲಿ ಪದ್ಮಶ್ರೀ ಸಂದಿತು.

ಈ ನಿಲುವಿನ ಹಿಂದೆ ಕ್ರೈಸ್ತ ಧರ್ಮದಲ್ಲಿ ಮೊದಲಿನಿಂದಲೂ ಇರುವ ಒಂದು ಇಬ್ಬಂದಿತನವಿದೆ. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ಒಡ್ಡಬೇಕೆಂದು ಯೇಸು ಪರ್ವತ ಪ್ರಸಂಗದಲ್ಲಿ ಬೋಧಿಸಿದರೆ, ದಂಡಿಸುವ ಖಡ್ಗ ಅರಸನ ಕೈಯಲ್ಲಿರುವುದು ದೇವರ ಇಚ್ಛೆಯಿಂದಲೇ ಎಂಬ ಅರ್ಥದ ಮಾತನ್ನು ಸಂತ ಪೌಲ ರೋಮನ್ನರಿಗೆ ಬರೆದ ಪತ್ರದಲ್ಲಿ ಹೇಳಿದ. ಕ್ಷಮೆ ನೊಂದವನದು, ದಂಡ ಪ್ರಭುತ್ವದ್ದು ಎಂಬ ವಿಭಜನೆ ಇಲ್ಲಿಂದಲೇ ಮೊಳೆಯಿತು. ಮುಂದಿನ ಶತಮಾನಗಳಲ್ಲಿ ಚರ್ಚು ಖಡ್ಗದ ಪಕ್ಕದಲ್ಲಿಯೇ ನಿಂತಿತೆನ್ನಬೇಕು. ವ್ಯಾಟಿಕನ್ ನಗರ ರಾಜ್ಯದ ಕಾನೂನಿನಲ್ಲಿಯೇ 1929ರಿಂದ 1969ರವರೆಗೆ ಮರಣದಂಡನೆಗೆ ಅವಕಾಶವಿತ್ತು, ಅದನ್ನು ಬಳಸುವ ಪ್ರಸಂಗ ಬರಲಿಲ್ಲವಷ್ಟೆ. ಯಾವ ಸಂದರ್ಭದಲ್ಲಿಯೂ ಮರಣದಂಡನೆ ಒಪ್ಪತಕ್ಕದ್ದಲ್ಲ ಎಂದು ಕ್ಯಾಥೋಲಿಕ್ ಧರ್ಮೋಪದೇಶ ಗ್ರಂಥವನ್ನು ಪೋಪ್ ಫ್ರಾನ್ಸಿಸ್ ತಿದ್ದಿದ್ದು 2018ರಲ್ಲಿ. ಅಮೆರಿಕದ ಹಲವು ರಾಜ್ಯಗಳು ಇಂದಿಗೂ ಆ ಮಾತಿಗೆ ಕಿವಿಗೊಟ್ಟಿಲ್ಲ.

ಸೆರೆಮನೆಯ ಇಂದಿನ ಸ್ವರೂಪಕ್ಕೂ ಕ್ರೈಸ್ತ ಚಿಂತನೆಯ ಋಣವಿದೆ. ಅಪರಾಧಿಯನ್ನು ಹೊಡೆಯುವ, ನೇಣಿಗೇರಿಸುವ ಬದಲು ಏಕಾಂತದಲ್ಲಿರಿಸಿದರೆ ಆತ ತನ್ನ ಪಾಪವನ್ನು ನೆನೆದು ಮರುಗುವನೆಂದು ಫಿಲಡೆಲ್ಫಿಯಾದ ಕ್ವೇಕರ್ ಪಂಥದವರು ನಂಬಿದರು. ಆ ಭಾವನೆಯ ಮೇಲೆ 1829ರಲ್ಲಿ ಅಲ್ಲಿ ತೆರೆದ ಬೃಹತ್ ಕಾರಾಗೃಹವನ್ನು ಕರೆದ ‘ಪೆನಿಟೆನ್ಷಿಯರಿ’ ಎಂಬ ಹೆಸರಿನ ಮೂಲದಲ್ಲಿಯೇ ಪಶ್ಚಾತ್ತಾಪವಿದೆ. 1842ರಲ್ಲಿ ಅದನ್ನು ಕಂಡ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್, ಆ ಏಕಾಂತವು ದೇಹದಂಡನೆಗಿಂತಲೂ ಕ್ರೂರವೆಂದು ಖಂಡಿಸಿದರು. ಮರುಕದಿಂದ ಹುಟ್ಟಿದ ಶಿಕ್ಷೆಯೂ ಹಿಂಸೆಯಾಗಬಲ್ಲುದು.

ಬೌದ್ಧ ಧರ್ಮದಲ್ಲಿ ಪ್ರಶ್ನೆಯ ರೂಪವೇ ಬೇರೆ. ಪಾಪವನ್ನು ಮನ್ನಿಸುವ ದೇವರು ಅಲ್ಲಿಲ್ಲ. ಮಾಡಿದ್ದು ತಾನಾಗಿಯೇ ಫಲಿಸುತ್ತದೆ. ಹೀಗಾಗಿ ದಂಡಿಸುವ ಕೈಗೆ ಅವಸರವೇಕೆ ಎಂಬ ವಾದಕ್ಕೆ ಅಲ್ಲಿ ಆಸ್ಪದವಿದೆ. ಅಂಗುಲಿಮಾಲನ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಮಕ್ಕಳಿಗೆ ಹೇಳುವ ಕಥೆ ದರೋಡೆಕೋರ ಬುದ್ಧನಿಗೆ ಶರಣಾದಲ್ಲಿಗೆ ನಿಂತುಬಿಡುತ್ತದೆ. ಪಾಲಿ ಗ್ರಂಥದಲ್ಲಿ ಅದರ ಮುಂದಿನ ಭಾಗವಿದೆ. ಅವನನ್ನು ಹಿಡಿಯಲು ಐನೂರು ಕುದುರೆಗಳೊಂದಿಗೆ ಹೊರಟ ಕೋಸಲದ ಅರಸ ಪಸೇನದಿ, ಭಿಕ್ಷುವಾಗಿ ಕುಳಿತವನನ್ನು ಕಂಡು ಕೈಮುಗಿದು ಹಿಂದಿರುಗುತ್ತಾನೆ. ಅರಸ ಬಿಟ್ಟರೂ ಊರು ಬಿಡುವುದಿಲ್ಲ. ಭಿಕ್ಷೆಗೆ ಹೋದ ಅಂಗುಲಿಮಾಲ ಕಲ್ಲು, ಕೋಲಿನ ಏಟು ತಿಂದು ತಲೆಯೊಡೆದುಕೊಂಡು ಮರಳುತ್ತಾನೆ. ಬುದ್ಧ ಅವನನ್ನು ಸಂತೈಸುವ ಬದಲು, ಸಹಿಸಿಕೋ, ನರಕದಲ್ಲಿ ಬಹುಕಾಲ ಉಣ್ಣಬೇಕಾಗಿದ್ದ ಕರ್ಮಫಲವನ್ನು ಇಲ್ಲಿಯೇ ಉಣ್ಣುತ್ತಿರುವೆ ಎಂಬರ್ಥದಲ್ಲಿ ಎಚ್ಚರಿಸುತ್ತಾನೆ.

ವಿನಯ ಪಿಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಂಗುಲಿಮಾಲನನ್ನು ಸಂಘಕ್ಕೆ ಸೇರಿಸಿಕೊಂಡುದಕ್ಕೆ ಜನ ಆಕ್ಷೇಪಿಸಿದ ಮೇಲೆ, ಕುಖ್ಯಾತ ದರೋಡೆಕೋರರಿಗೆ ದೀಕ್ಷೆ ನೀಡಕೂಡದೆಂಬ ನಿಯಮವನ್ನು ಬುದ್ಧನೇ ವಿಧಿಸಿದ. ಸೆರೆಮನೆಯಿಂದ ತಪ್ಪಿಸಿಕೊಂಡು ಬಂದವರಿಗೂ ಬಾಗಿಲು ಮುಚ್ಚಿತು. ಕಾವಿ ಬಟ್ಟೆ ರಾಜದಂಡದಿಂದ ಪಾರಾಗುವ ದಾರಿಯಾಗಬಾರದೆಂಬ ಈ ಎಚ್ಚರ, ಕರುಣೆಯ ಧರ್ಮವೆಂದು ಸರಾಗವಾಗಿ ಹೇಳಿಬಿಡುವವರು ಮರೆಯುವ ಸಂಗತಿ.

ಬೌದ್ಧ ಧರ್ಮವನ್ನು ಒಪ್ಪಿದ ಅರಸನೊಬ್ಬ ದಂಡನೀತಿಯನ್ನು ಹೇಗೆ ನಡೆಸಿದ ಎಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಸಾಕ್ಷ್ಯವಿದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯ ಸಮುಚ್ಚಯದ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಬಯಲಾಯಿತು. ಅದರಲ್ಲಿರುವ ಎರಡು ಪ್ರತ್ಯೇಕ ಶಾಸನಗಳು ಇದಕ್ಕೆ ಮೊದಲು ದೊರೆತಿದ್ದುದು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ. ಕಾರಣವಿಲ್ಲದೆ ಯಾರೂ ಸೆರೆ, ಹಿಂಸೆಗೆ ಗುರಿಯಾಗದಂತೆ ನೋಡಿಕೊಳ್ಳಬೇಕು, ಅಸೂಯೆ, ಕ್ರೌರ್ಯ, ಆತುರ, ಸೋಮಾರಿತನಗಳಿಂದ ದೂರವಿರಬೇಕು ಎಂದು ನ್ಯಾಯ ನೋಡುವ ಅಧಿಕಾರಿಗಳಿಗೆ ಅರಸ ತಾಕೀತು ಮಾಡುತ್ತಾನೆ. ಮುಪ್ಪಿನವರು, ಮಕ್ಕಳ ಹೊಣೆಯಿರುವವರ ಬಿಡುಗಡೆಗೆ ಧರ್ಮ ಮಹಾಮಾತ್ರರು ಗಮನ ಕೊಡಬೇಕೆಂದು ಆತನ ಐದನೆಯ ಬಂಡೆ ಶಾಸನ ಹೇಳಿದರೆ, ಇಪ್ಪತ್ತಾರು ವರ್ಷಗಳಲ್ಲಿ ಇಪ್ಪತ್ತೈದು ಬಾರಿ ಕೈದಿಗಳನ್ನು ಬಿಡುಗಡೆ ಮಾಡಿದ ಲೆಕ್ಕ ಸ್ತಂಭ ಶಾಸನದಲ್ಲಿದೆ. ಆದರೂ ಅಶೋಕ ಮರಣದಂಡನೆಯನ್ನು ರದ್ದುಪಡಿಸಲಿಲ್ಲ. ಶಿಕ್ಷೆಗೊಳಗಾದವರಿಗೆ ಮೂರು ದಿನಗಳ ಅವಧಿ ಕೊಟ್ಟ, ಅಷ್ಟೇ.

ಬೌದ್ಧರು ಬಹುಸಂಖ್ಯಾತರಾಗಿರುವ ಇಂದಿನ ದೇಶಗಳೂ ಒಂದೇ ದಾರಿಯಲ್ಲಿಲ್ಲ. ಭೂತಾನ್ 2004ರಲ್ಲಿ ಮರಣದಂಡನೆಯನ್ನು ಕೈಬಿಟ್ಟಿತು. 1976ರ ನಂತರ ಯಾರನ್ನೂ ಗಲ್ಲಿಗೇರಿಸದ ಶ್ರೀಲಂಕಾ, 2019ರಲ್ಲಿ ಮಾದಕ ವಸ್ತು ಅಪರಾಧಿಗಳಿಗಾಗಿ ಹ್ಯಾಂಗ್‌ಮನ್ ಹುದ್ದೆಗೆ ಜಾಹೀರಾತು ನೀಡಿತು. ಅಂದಿನ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರಿಗೆ ಈ ವಿಷಯದಲ್ಲಿ ಮಾದರಿಯಾದದ್ದು ಕ್ಯಾಥೋಲಿಕರೇ ಹೆಚ್ಚಿರುವ ಫಿಲಿಪ್ಪೀನ್ಸ್‌ನ ಡುಟೆರ್ಟೆ ಎಂಬುದು ವಿಚಿತ್ರ. ಕೊನೆಗೆ ಅಲ್ಲಿನ ಸುಪ್ರೀಂ ಕೋರ್ಟ್ ಗಲ್ಲಿಗೆ ತಡೆ ನೀಡಿತು. ಜಪಾನಿನಲ್ಲಿ 2005ರಲ್ಲಿ ನ್ಯಾಯ ಸಚಿವರಾದ ಬೌದ್ಧ ಅನುಯಾಯಿ ಸೆಯ್‌ಕೆನ್ ಸುಗಿಯುರಾ, ಮರಣದಂಡನೆಯ ಆದೇಶಕ್ಕೆ ಸಹಿ ಹಾಕುವುದಿಲ್ಲವೆಂದು ಹೇಳಿ ಸ್ವಲ್ಪ ಹೊತ್ತಿನಲ್ಲಿಯೇ ಆ ಮಾತನ್ನು ಹಿಂತೆಗೆದುಕೊಂಡರು. ಅಧಿಕಾರದಲ್ಲಿದ್ದಷ್ಟು ಕಾಲ ಒಂದಕ್ಕೂ ಸಹಿ ಹಾಕಲಿಲ್ಲ. ಮಾತು ಸಚಿವರದಾದರೆ ಸುಮ್ಮನಿದ್ದ ಲೇಖನಿ ಭಕ್ತನದು.

ಈ ಹಿನ್ನೆಲೆಯಲ್ಲಿ ಸ್ಟೇನ್ಸ್ ಪ್ರಕರಣವನ್ನು ನೋಡಿದರೆ ತೊಡಕು ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. ಅಶೋಕನ ಶಾಸನವಿರುವ ಧೌಲಿಯಿಂದ ಕೆಲವೇ ಕಿಲೋಮೀಟರ್ ದೂರದ ಭುವನೇಶ್ವರದಲ್ಲಿ ವಿಶೇಷ ನ್ಯಾಯಾಲಯ 2003ರಲ್ಲಿ ಪ್ರಮುಖ ಅಪರಾಧಿ ದಾರಾ ಸಿಂಗ್‌ಗೆ ಮರಣದಂಡನೆ ವಿಧಿಸಿತ್ತು. 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸ್ಟೇನ್ಸ್‌ಗೆ ಅವರ ಧಾರ್ಮಿಕ ಚಟುವಟಿಕೆಗಾಗಿ ಪಾಠ ಕಲಿಸುವುದು ಕೊಲೆಯ ಉದ್ದೇಶವಾಗಿತ್ತೆಂಬ ಮಾತು ತೀರ್ಪಿನಲ್ಲಿ ಸೇರಿ ಟೀಕೆಗೊಳಗಾದಾಗ, ನಾಲ್ಕೇ ದಿನಗಳಲ್ಲಿ ನ್ಯಾಯಪೀಠ ಅದನ್ನು ತೆಗೆದುಹಾಕಿತು.

ಗಲ್ಲು ತಪ್ಪಿದ ಮೇಲೆ ಉಳಿಯುವುದು ಅವಧಿಪೂರ್ವ ಬಿಡುಗಡೆಯ ಪ್ರಶ್ನೆ. ಇಂಥ ಪ್ರಕರಣಗಳಲ್ಲಿ ಕನಿಷ್ಠ 14 ವರ್ಷ ಸೆರೆವಾಸ ಕಳೆದಿರಬೇಕು. ಸಂತ್ರಸ್ತರ ಕ್ಷಮೆ ಅದಕ್ಕೆ ಷರತ್ತಲ್ಲ, ಅಪರಾಧಿಯ ತಪ್ಪೊಪ್ಪಿಗೆಯೂ ಅಲ್ಲ. ಜೈಲಿನೊಳಗೆ ತಂಟೆ ಮಾಡದಿದ್ದರೆ ಅದು ಸನ್ನಡತೆ. ಯೇಸು ಕೇಳಿದ ಮನಃಪರಿವರ್ತನೆಗೂ ಅಂಗುಲಿಮಾಲ ಸಹಿಸಿದ ಕಲ್ಲೇಟಿಗೂ ಈ ಅಳತೆಗೋಲಿನಲ್ಲಿ ಜಾಗವಿಲ್ಲ. 2002ರ ಗುಜರಾತ್ ಗಲಭೆಯ ಸಾಮೂಹಿಕ ಅತ್ಯಾಚಾರ ಮತ್ತು ಹತ್ಯೆ ಪ್ರಕರಣದ ಹನ್ನೊಂದು ಅಪರಾಧಿಗಳು 2022ರಲ್ಲಿ ಹೊರಬಂದದ್ದೂ ಇಂಥದೇ ಆಧಾರದ ಮೇಲೆ. ಬಿಡುಗಡೆ ಮಾಡುವ ಅಧಿಕಾರ ಗುಜರಾತ್ ಸರ್ಕಾರಕ್ಕೆ ಇರಲಿಲ್ಲವೆಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು.

ದಾರಾ ಸಿಂಗ್ ಕೂಡ ಬಿಡುಗಡೆ ಕೋರಿ 2024ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ. ಹೆಂಬ್ರಮ್‌ನಂತೆ ಈತ ಕೃತ್ಯವನ್ನು ಅಲ್ಲಗಳೆದಿಲ್ಲ. ಎರಡು ದಶಕಗಳ ಹಿಂದಿನ ಅಪರಾಧಕ್ಕೆ ವಿಷಾದಿಸುವುದಾಗಿ ಅರ್ಜಿಯಲ್ಲಿ ಹೇಳಿಕೊಂಡ. ಯೌವನದ ಆವೇಶದಲ್ಲಿ, ದೇಶದ ಇತಿಹಾಸದ ಕ್ರೌರ್ಯಕ್ಕೆ ಪ್ರತಿಕ್ರಿಯಿಸುವ ಭರದಲ್ಲಿ ಸಂಯಮ ಕಳೆದುಕೊಂಡುದಾಗಿ ಕಾರಣವನ್ನೂ ಕೊಟ್ಟ. ಪ್ರಕರಣದ ತನಿಖೆ ನಡೆಸಿದ್ದು ಸಿಬಿಐ ಆದುದರಿಂದ, ಒಡಿಶಾ ಸರ್ಕಾರ ಒಲಿದರೂ ಕೇಂದ್ರದ ಸಮ್ಮತಿಯಿಲ್ಲದೆ ಆತನನ್ನು ಬಿಡುಗಡೆ ಮಾಡುವಂತಿಲ್ಲ.