ಹೆರಿಗೆ ರಜೆಯ ಹಣ ಯಾರು ಕೊಡಬೇಕು?

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೆಯ ಕಾಯಿದೆಗಳನ್ನು ನಾಲ್ಕು ಗಂಟು ಕಟ್ಟಿದ್ದೇ ಮಹಾ ಸುಧಾರಣೆಯೆಂದು ಡಂಗುರ ಸಾರಿದ್ದಾಯಿತು. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಪಗಾರದ ವಾರ್ಷಿಕ ರಜೆಗೆ ಹಿಂದೆ ವರ್ಷಕ್ಕೆ 240 ದಿನ ದುಡಿದಿರಬೇಕಿತ್ತು; ಈಗ 180 ದಿನ ಸಾಕು. ಇದನ್ನು ಸ್ವಾಗತಿಸುತ್ತೇವೆ. ಆದರೆ ಹೆರಿಗೆ ಮತ್ತು ಕಾಯಿಲೆಯ ರಜೆಯಲ್ಲಿ ಸಂಹಿತೆಯು ಹಳೆಯ ಗಾಯಕ್ಕೆ ಹೊಸ ಬಟ್ಟೆ ಸುತ್ತಿದೆಯೇ ಹೊರತು ಮದ್ದು ಹಚ್ಚಿಲ್ಲ.

1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ 12 ವಾರಗಳ ರಜೆ 26 ವಾರಗಳಿಗೇರಿತು. ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಸಂತೋಷ. ಹಣ ಮಾತ್ರ ಯಾರ ಕಿಸೆಯಿಂದ? ಇ.ಎಸ್.ಐ. ವಿಮೆಯೊಳಗಿರುವ ತಾಯಿಗೆ ವಿಮಾ ನಿಧಿಯಿಂದ. ಹೊರಗಿರುವವಳಿಗೆ ಪೂರ್ತಿ ಮಾಲಿಕನಿಂದ. ಮಾಲಿಕ ಲೆಕ್ಕ ಬಲ್ಲವನು. ಕೆಲಸ ಕೇಳಿ ಹೋದ ಹೆಣ್ಣುಮಗಳಿಗೆ “ಮದುವೆ ಆಗಿದೆಯೇನಮ್ಮ?” ಎಂಬ ಪ್ರಶ್ನೆ ಮೊದಲು ಬರುವುದು ಸುಮ್ಮನೆಯೇ? ಕಾಯಿದೆ ಕೊಟ್ಟ ರಜೆಯನ್ನು ಕಾರ್ಖಾನೆಯ ಬಾಗಿಲೇ ಕಸಿದುಕೊಳ್ಳುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2000ದಲ್ಲೇ ಇದನ್ನು ಕಂಡು, ಹೆರಿಗೆ ರಜೆಯ ಖರ್ಚನ್ನು ಒಬ್ಬೊಬ್ಬ ಮಾಲಿಕನ ತಲೆಗೆ ಕಟ್ಟದೆ ಸಾಮಾಜಿಕ ವಿಮೆಯಿಂದ ಇಲ್ಲವೆ ಸರಕಾರಿ ನಿಧಿಯಿಂದ ಭರಿಸಬೇಕೆಂದಿತು. ಭಾರತ ಆ ಒಪ್ಪಂದವನ್ನು ಸ್ಥಿರೀಕರಿಸಲಿಲ್ಲ. ಬಂಡವಾಳಶಾಹಿಯ ತವರಾದ ಅಮೆರಿಕದಲ್ಲೂ ಕ್ಯಾಲಿಫೋರ್ನಿಯಾ ರಾಜ್ಯವು 2004ರಿಂದ, ಮಗು ಹುಟ್ಟಿದಾಗ ಮತ್ತು ಮನೆಯವರು ಮಲಗಿದಾಗ, ಕಾರ್ಮಿಕರ ವಂತಿಗೆಯ ಸಾಮೂಹಿಕ ನಿಧಿಯಿಂದ ಹಣ ಕೊಡುತ್ತಿದೆ. ಅಲ್ಲಿ ಆದದ್ದು ಇಲ್ಲೇಕೆ ಆಗದು?

ಇನ್ನು ಕಾಯಿಲೆಯ ಮಾತು. ಇ.ಎಸ್.ಐ.ಯಲ್ಲಿ ಪಗಾರದ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನ ಪರಿಹಾರವುಂಟು. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಬೀದರ, ಕಲಬುರಗಿ, ಯಾದಗಿರಿಗಳಿಂದ ಮಿಯಾಪುರಕ್ಕೆ ಬಂದು, ಇಂದು ಒಬ್ಬ ಗುತ್ತಿಗೆದಾರ, ನಾಳೆ ಇನ್ನೊಬ್ಬನ ಕೈಕೆಳಗೆ ಗೋಡೆ ಕಟ್ಟುವ ನಮ್ಮವರಿಗೆ ಆ 78 ದಿನದ ಲೆಕ್ಕ ಬರೆದಿಡುವವರು ಯಾರು? ಹತ್ತು ಜನರಿಲ್ಲದ ಚಿಕ್ಕ ಅಂಗಡಿ, ವರ್ಕ್‌ಶಾಪುಗಳಿಗಂತೂ ಸಾಮಾನ್ಯವಾಗಿ ವಿಮೆಯೇ ಕಡ್ಡಾಯವಲ್ಲ. ಮೇಲೆ ಪಗಾರದ ಮಿತಿಯ ಕತ್ತರಿ ಬೇರೆ. 2017ರ ಜನವರಿಯಲ್ಲಿ ತಿಂಗಳಿಗೆ 21,000 ರೂಪಾಯಿ ಎಂದು ನಿಗದಿಯಾದ ಮಿತಿ, ಬೆಲೆಗಳೆಲ್ಲ ಏರಿದರೂ ಎಂಟು ವರ್ಷ ಕದಲಲಿಲ್ಲ. ಹೋರಾಡಿ ಪಗಾರ ಹೆಚ್ಚಿಸಿಕೊಂಡವನು ವಿಮೆ ಕಳೆದುಕೊಂಡ!

“ಹಣವೆಲ್ಲಿದೆ?” ಎನ್ನುವವರಿಗೆ ನಮ್ಮ ಉತ್ತರವಿಷ್ಟೆ. 2019ರ ಜುಲೈಯಲ್ಲಿ ಇದೇ ಸರಕಾರ ಮಾಲಿಕರ ವಂತಿಗೆಯನ್ನು ನೂರಕ್ಕೆ 4.75ರಿಂದ 3.25ಕ್ಕೆ ಇಳಿಸಿತು. ನಮ್ಮದೂ 1.75ರಿಂದ 0.75ಕ್ಕೆ ಇಳಿಯಿತು, ನಿಜ. ಆದರೆ ಆ ಚಿಲ್ಲರೆ ಉಳಿತಾಯಕ್ಕಿಂತ ಹಾಸಿಗೆ ಹಿಡಿದ ದಿನದ ಅನ್ನ ನಮಗೆ ದೊಡ್ಡದು. ಮಾಲಿಕರಿಗೆ ಬಿಟ್ಟುಕೊಡುವಷ್ಟು ಹಣ ಅಂದಿತ್ತು. ಬಾಣಂತಿಗೆ ಕೊಡುವಾಗ ಮಾತ್ರ ಬೊಕ್ಕಸ ಬರಿದೆ?

ನಾವು ಕೇಳುವುದು ಮೂರು. ಎಲ್ಲ ತಾಯಂದಿರ ಹೆರಿಗೆ ರಜೆಯ ಹಣ ಸಾಮೂಹಿಕ ವಿಮಾ ನಿಧಿಯಿಂದಲೇ ಬರಲಿ. ಪಗಾರದ ಮಿತಿ ಬೆಲೆಯೇರಿಕೆಯೊಡನೆ ತಾನಾಗಿ ಏರಲಿ. ಗುತ್ತಿಗೆದಾರ ಬದಲಾದರೂ ವಂತಿಗೆಯ ದಿನಗಳು ಕಾರ್ಮಿಕನ ಹೆಸರಿನಲ್ಲಿ ಉಳಿಯಲಿ. ಲೆಕ್ಕ ತಪ್ಪಿದರೆ ಮುಖ್ಯ ಮಾಲಿಕನೇ ಹೊಣೆಯಾಗಲಿ.

ಬಂಧುಗಳೇ, ಪಗಾರದ ದಿನ ಚೀಟಿ ಕೇಳಿ ಪಡೆಯಿರಿ, ಇ.ಎಸ್.ಐ. ಸಂಖ್ಯೆ, ವಂತಿಗೆಯ ದಿನಗಳನ್ನು ಪರೀಕ್ಷಿಸಿರಿ. ರಜೆ ದಾನವಲ್ಲ, ನಮ್ಮ ಬೆವರಿನ ಗಳಿಕೆ. ಒಬ್ಬೊಬ್ಬರಾಗಿ ಬೇಡಿದರೆ ದೊರೆಯದು, ಸಂಘವಾಗಿ ಕೇಳೋಣ.