ಲೆಕ್ಕ ಬಾರದವನ ಕೈಗೆ ಕಾವೇರಿ ಸಿಕ್ಕೀತೇ?

ಕನ್ನಡದ ತಮ್ಮಂದಿರೇ,

2016ರ ಸೆಪ್ಟೆಂಬರ್ 5. ತಮಿಳುನಾಡಿಗೆ ಹತ್ತು ದಿನ, ದಿನವೂ 15,000 ಕ್ಯೂಸೆಕ್ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಮಂಡ್ಯ ಜಿಲ್ಲೆ ಕುದಿಯಿತು. ಪಾಂಡವಪುರದ ನಮ್ಮ ಪ್ರೆಸ್ಸಿಗೆ ನಾಲ್ಕು ಹುಡುಗರು ಓಡಿ ಬಂದರು. ಸಂಜೆಯೊಳಗೆ ಎರಡು ಸಾವಿರ ಕರಪತ್ರ ಬೇಕಂತೆ. ಅವರು ತಂದ ಹಾಳೆಯ ಮೊದಲ ಸಾಲೇ ಹೀಗಿತ್ತು: "ದಿನಕ್ಕೆ 15,000 ಟಿಎಂಸಿ ನೀರು ಕೊಡುವುದಿಲ್ಲ!"

"ಟಿಎಂಸಿ ಅಲ್ಲಪ್ಪ, ಕ್ಯೂಸೆಕ್" ಎಂದೆ.

"ಎರಡೂ ಒಂದೇ ಅಲ್ವಾ ಅಣ್ಣಾ?" ಎಂದ ಒಬ್ಬ. ಡಿಗ್ರಿ ಓದುತ್ತಿದ್ದ ಹುಡುಗ! ನಾನು ಪಿಯುಸಿಗೇ ನಿಂತವನು.

ಒಂದೇನಾ? ಇಡೀ ಕಾವೇರಿ ಕಣಿವೆಯಲ್ಲಿ ವರ್ಷಕ್ಕೆ ಸಿಗುವ ನೀರು ಎಂದು 2007ರಲ್ಲಿ ನ್ಯಾಯಮಂಡಳಿ ಲೆಕ್ಕ ಹಿಡಿದದ್ದೇ 740 ಟಿಎಂಸಿ. 15,000 ಟಿಎಂಸಿ ಎಂದರೆ ಇಪ್ಪತ್ತು ವರ್ಷದ ಕಾವೇರಿ! ಅದನ್ನು ಒಂದೇ ದಿನದಲ್ಲಿ ಹರಿಸುವ ಕರಪತ್ರ ಎದುರಾಳಿಯ ಕೈಗೆ ಸಿಕ್ಕರೆ ಅವನು ನಗುವುದು ಆ ಹುಡುಗರನ್ನು ನೋಡಿ ಅಲ್ಲ, ಕನ್ನಡಿಗರನ್ನು ನೋಡಿ.

ಟಿಎಂಸಿ, ಕ್ಯೂಸೆಕ್ ಎಂಬ ಇಂಗ್ಲಿಷ್ ಗಂಟನ್ನು ಬಿಚ್ಚಿ ಕನ್ನಡದಲ್ಲಿ ಹೇಳಿ ನೋಡಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿಯಂತೆ ಹರಿಯುವ ನೀರು. ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟ ಹಣ, ಇನ್ನೊಂದು ದಿನಗೂಲಿ. ಕೂಲಿ ಎಷ್ಟು ದಿನದ್ದು ಎಂದು ಕೇಳದೆ ಗಂಟು ಎಷ್ಟಾಯಿತೆಂದು ಯಾರು ಹೇಳಬಲ್ಲರು?

ದಿನಕ್ಕೆ 86,400 ಸೆಕೆಂಡು. ಒಂದು ಕ್ಯೂಸೆಕ್ ನೀರು ಒಂದು ದಿನ ಹರಿದರೆ 86,400 ಘನ ಅಡಿ. ಎಕರೆಗೆ 43,560 ಚದರ ಅಡಿ. ಅಂದರೆ ಸುಮಾರು ಎರಡು ಎಕರೆ ಗದ್ದೆಯಲ್ಲಿ ಒಂದಡಿ ನೀರು ನಿಲ್ಲುತ್ತದೆ! ಇದನ್ನು ನಮ್ಮ ನಾಲೆ ಬಯಲಿನ ಯಾವ ರೈತನಿಗೆ ಹೇಳಿದರೂ ಅವನಿಗೆ ತಟ್ಟನೆ ಹೊಳೆಯುತ್ತದೆ.

ಈಗ ಆ ಆದೇಶಕ್ಕೆ ಬನ್ನಿ. 15,000 ಕ್ಯೂಸೆಕ್ ಒಂದು ದಿನಕ್ಕೆ ಸುಮಾರು 1.3 ಟಿಎಂಸಿ, ಹತ್ತು ದಿನಕ್ಕೆ 13 ಟಿಎಂಸಿ. 124.80 ಅಡಿ ತುಂಬಿದ ಕನ್ನಂಬಾಡಿ ಕಟ್ಟೆಯಲ್ಲಿರುವುದು 49.45 ಟಿಎಂಸಿ. ತುಂಬಿದ ಕಟ್ಟೆಯ ಕಾಲು ಭಾಗಕ್ಕಿಂತ ಹೆಚ್ಚು ನೀರು! ಕಟ್ಟೆ ತುಂಬದ ವರ್ಷದಲ್ಲಿ! ರಕ್ತ ಕುದಿಯಲು ಈ ಸತ್ಯ ಸಾಲದಿತ್ತೇ? ಸುಳ್ಳು ಅಂಕಿ ಯಾಕೆ ಬೇಕಿತ್ತು?

ಇನ್ನೂ ದೊಡ್ಡ ಮಾತಿದೆ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಬಿಳಿಗುಂಡ್ಲುವಿನಲ್ಲಿ ನಾವು ವರ್ಷಕ್ಕೆ ಹರಿಸಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಆದರೆ ಮಳೆ ಕೈಕೊಟ್ಟ ವರ್ಷ? ರಾಜ್ಯಗಳ ಪಾಲು ಅದೇ ಅನುಪಾತದಲ್ಲಿ ಇಳಿಯಬೇಕು ಎಂದು ನ್ಯಾಯಮಂಡಳಿಯ ತೀರ್ಪಿನಲ್ಲೇ ಇದೆ. ಕಣಿವೆಗೆ ನೂರಕ್ಕೆ ಅರವತ್ತರಷ್ಟೇ ನೀರು ಬಂದರೆ, ಸರಳ ತ್ರೈರಾಶಿಯ ಪ್ರಕಾರ 177.25 ಇದ್ದದ್ದು 106.35 ಆಗಬೇಕು. ಸಂಕಷ್ಟದ ವರ್ಷ ಬಂದಾಗಲೆಲ್ಲ ನಮ್ಮ ಜಗಳ ಇರುವುದು ಈ ಒಂದು ಪದದಲ್ಲಿ: ಅನುಪಾತ. ಇದು ಆರನೇ ಕ್ಲಾಸಿನ ಪಾಠ!

ಆ ಪಾಠವನ್ನು ನೀವು 'ರೇಷಿಯೋ, ಪ್ರೊಪೋರ್ಷನ್' ಎಂದು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕಿ ಬಂದಿರಿ. ಮಾರ್ಕ್ಸ್ ಬಂತು, ಲೆಕ್ಕ ಬರಲಿಲ್ಲ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರ ಗಣಿತ'ವನ್ನು ಕನ್ನಡದಲ್ಲಿ ಬರೆದ ನಾಡು ಇದು. ಗಣಿತಕ್ಕೆ ಇಂಗ್ಲಿಷೇ ಬೇಕು ಎನ್ನುವವರು ಮೊದಲು ಆ ಡಿಗ್ರಿ ಹುಡುಗನಿಗೆ ಉತ್ತರ ಹೇಳಲಿ.

ಅಂದು ಕರಪತ್ರ ಅಚ್ಚಾಯಿತು, ತಿದ್ದಿ. ಕಾಗದದ ದುಡ್ಡನ್ನೂ ನಾನು ಕೇಳಲಿಲ್ಲ. ಆದರೆ ಮುಂದಿನ ಸಲ ನನ್ನಂಥವನು ತಿದ್ದುವಂತಾಗಬಾರದು.

ಬೆಂಗಳೂರಿನ ತಮ್ಮಂದಿರೇ, ನಿಮ್ಮ ನಲ್ಲಿಯಲ್ಲಿ ಬರುವುದೂ ಇದೇ ಕಾವೇರಿ. 284.75ರಲ್ಲಿ 4.75 ಟಿಎಂಸಿ ನಿಮ್ಮ ಊರಿನ ಹೆಸರಿನಲ್ಲೇ ಸಿಕ್ಕಿದ್ದು. ಬಾವುಟ ಹಿಡಿಯುವ ಮುನ್ನ ಪೆನ್ಸಿಲ್ ಹಿಡಿಯಿರಿ. ಸಂಘದ ಪ್ರತಿ ಶಾಖೆಯ ಗೋಡೆಯ ಮೇಲೆ ಒಂದು ಸಾಲು ಬರೆಸಿ: ದಿನಕ್ಕೆ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಕೂಗುವ ಸಾವಿರ ಜನ ನಮ್ಮಲ್ಲಿದ್ದಾರೆ. ಕೂಗುವ ಮುನ್ನ ಲೆಕ್ಕ ಹಾಕುವ ಸಾವಿರ ಜನ ಬೇಕಾಗಿದ್ದಾರೆ!