ಸುತ್ತಾಟ: ಹಸಿರು ಬೆಟ್ಟದ ಪನ್ನೀರು

ಕತಾರಿನಲ್ಲಿ ಬೆಟ್ಟ ಹುಡುಕುವುದೆಂದರೆ ಉಪ್ಪಿನ ಡಬ್ಬಿಯಲ್ಲಿ ಸಕ್ಕರೆ ಹುಡುಕಿದ ಹಾಗೆ. ಇಡೀ ದೇಶದ ಅತಿ ಎತ್ತರದ ಜಾಗ 103 ಮೀಟರ್! ಆದ್ದರಿಂದ ಈ ಏಪ್ರಿಲ್‌ನಲ್ಲಿ ನಾವು ನಾಲ್ಕು ಸಂಸಾರದವರು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿಗಳ ಸಮೇತ, ಒಮಾನಿನ ಜಬಲ್ ಅಖ್ದರಿಗೆ ಕಾರಿನಲ್ಲೇ ಹೊರಟೆವು. ದೋಹಾದಿಂದ ಸುಮಾರು ಸಾವಿರ ಕಿಲೋಮೀಟರು. ಅಬು ಸಮ್ರಾ ಗಡಿ ದಾಟಿ, ಸೌದಿಯ ಒಂದು ತುಣುಕನ್ನು ಹಾದು ಎಮಿರೇಟ್ಸ್, ಅಲ್ಲಿಂದ ಒಮಾನ್. 2017ರ ಜೂನ್‌ನಿಂದ 2021ರ ಜನವರಿಯವರೆಗೆ ಮುಚ್ಚಿದ್ದ ದಾರಿ ಇದು. ಆಗ ಇಲ್ಲಿದ್ದವರಿಗೆ ಆ ಗೇಟು ತೆರೆದಿರುವುದನ್ನು ನೋಡುವುದೇ ಒಂದು ಸಂಭ್ರಮ.

ಮೊದಲ ದಿನ ಮರಳು, ಒಂಟೆ, ಪೆಟ್ರೋಲ್ ಬಂಕು, ಅಂತ್ಯಾಕ್ಷರಿ. ಅಲ್ ಐನ್ ಬಳಿ ಜಬಲ್ ಹಫೀತ್ ಕಂಡಾಗ ಮಕ್ಕಳು ಹಾಡು ನಿಲ್ಲಿಸಿದರು.

ಮರುದಿನ ನಿಜ್ವಾ ಸಮೀಪದ ಬಿರ್ಕತ್ ಅಲ್ ಮೌಜ್‌ನಿಂದ ಏರು. ಮೇಲಿನ ಸೈಖ್ ಪ್ರಸ್ಥಭೂಮಿ ಸುಮಾರು 2,000 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಹೆಚ್ಚು. ಬೋಳು ಬಂಡೆಯ ಪ್ರಪಾತದಂಚಿಗೆ ಅಂಟಿಕೊಂಡ ಹಳ್ಳಿಗಳು, ಅವುಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಗುಲಾಬಿ ತೋಟ. ಬಿಸಿಲೇರಿದರೆ ಪರಿಮಳ ಹಾರಿಹೋಗುತ್ತದೆಂದು ಹೂವನ್ನು ಬೆಳಗಿನ ತಂಪಿನಲ್ಲೇ ಕೀಳುತ್ತಾರೆ. ಮಣ್ಣಿನ ಒಲೆಯ ಮೇಲೆ ಪಾತ್ರೆ, ಅದರಲ್ಲಿ ಪಕಳೆ, ನಡುವೆ ತೂಗುವ ತಾಮ್ರದ ಬಟ್ಟಲು, ಬಾಯಿಗೆ ತಣ್ಣೀರಿನ ಮುಚ್ಚಳ. ಹಬೆ ಮೇಲೇರಿ, ತಣಿದು, ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ಜೋಡಿಸಿ ಜಂಭಪಡುವ ನಾವು ಸುಮ್ಮನೆ ನಿಂತು ನೋಡಿದೆವು. ಈ ಪನ್ನೀರಿಗೆ ಹೊಗೆಯ ವಾಸನೆ, ಚಹಾದ ಬಣ್ಣ. ಸ್ಟೀಲಿನ ಯಂತ್ರದಿಂದ ಬರುವ ತಿಳಿಯಾದದ್ದೂ ಈಗ ಸಿಗುತ್ತದೆ. ನಮ್ಮ ಮತ ಹೊಗೆಯದಕ್ಕೇ.

ಆದರೆ ನಿಂತು ನೋಡಬೇಕಾದದ್ದು ಹೂವಿಗಿಂತ ನೀರು. ಬೆಟ್ಟದ ಕೆಳಗೆ ಬಿರ್ಕತ್ ಅಲ್ ಮೌಜ್‌ನಲ್ಲಿ ಅಲ್ ಖತ್ಮೀನ್ ಫಲಜ್ ಇದೆ. 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಐದು ಫಲಜ್‌ಗಳಲ್ಲಿ ಒಂದು. ತಾಯಿಬಾವಿಯಿಂದ ಸುರಂಗದ ಇಳಿಜಾರಿನಲ್ಲಿ, ಪಂಪಿಲ್ಲದೆ, ನೀರು ತಾನೇ ಖರ್ಜೂರದ ತೋಟಕ್ಕೆ ಬರುತ್ತದೆ. ಪಾಲು ಅಳೆಯುವುದು ಹೊತ್ತಿನಿಂದ: ಹಿಂದೆ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ. "ಇದು ನಮ್ಮ ಸುರಂಗವಲ್ಲವೇ!" ಎಂದರು ನಮ್ಮಲ್ಲಿದ್ದ ಕಾಸರಗೋಡಿನ ಅಜ್ಜಿ. ನಮಗೆ ನೆನಪಾದದ್ದು ಬೀದರಿನ ನೌಬಾದ್ ಕಾರೇಜ್. ಅದೂ ಇದೇ ತಂತ್ರ, ಬಹಮನಿ ಸುಲ್ತಾನರ ಕಾಲದ್ದು. ಅದರಲ್ಲಿ ಹೂಳು ತುಂಬಿ ಊರೇ ಮರೆತಿತ್ತು; ಹೂಳೆತ್ತುವ ಕೆಲಸ ನಡೆದದ್ದು 2010ರ ಈಚೆಗೆ. ನಮ್ಮಲ್ಲಿಬ್ಬರು ಬೀದರಿನವರು. ಇಬ್ಬರೂ ಅದನ್ನು ನೋಡಿಲ್ಲ, ಫಲಜ್ ನೋಡಲು ಮಾತ್ರ ಮೂರು ಗಡಿ ದಾಟಿದ್ದಾರೆ!

ಬೆಟ್ಟದ ಮೇಲೂ ಎಲ್ಲ ಹಸಿರಲ್ಲ. ನೀರಿಲ್ಲದೆ ಬಿಟ್ಟ ಮೆಟ್ಟಿಲುಗಳಲ್ಲಿ ಒಣ ದಾಳಿಂಬೆ ಗಿಡಗಳು ನಿಂತಿವೆ. ತೋಟದ ಮುದುಕರೊಬ್ಬರು ಕಾಲುವೆಯ ಗೋಡೆಯ ಮೇಲೆ ಬೆರಳಿಟ್ಟು, ತಾವು ಹುಡುಗರಾಗಿದ್ದಾಗ ನೀರು ಎಲ್ಲಿಯವರೆಗೆ ಬರುತ್ತಿತ್ತೆಂದು ತೋರಿಸಿದರು. ಈಗಿನ ಮಟ್ಟ ಅದಕ್ಕೆ ಒಂದು ಗೇಣು ಕೆಳಗೆ.

ಹೋಗುವವರು ಏಪ್ರಿಲ್ ಮುಗಿಯುವುದರೊಳಗೆ ಹೋಗಿ. ಫೋರ್ ವೀಲ್ ಡ್ರೈವ್ ಅಲ್ಲದ ಕಾರನ್ನು ಪೊಲೀಸರು ಬುಡದಲ್ಲೇ ತಡೆಯುತ್ತಾರೆ. ಪ್ರತಿ ದೇಶಕ್ಕೂ ಕಾರಿನ ವಿಮೆ ಬೇಕು. ಮೇಲೆ ನೀರು 93 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು, ಕುಕ್ಕರ್ ಒಯ್ಯಿರಿ.